ಕಡಲು ಕುಡಿದವನ ಹೆಸರು

ಬಂದರಿನ ಬೋಟುಗಳಿಗೆ ಹೆಸರು ಬರೆಯುವ ಪೇಂಟರನಿಗೆ ಬಾಯಿ ಜಾಸ್ತಿ. ಯಾರಾದರೂ ನಕ್ಷತ್ರದ ಹೆಸರು ಕೇಳಿದರೆ ಮುಗಿಯಿತು, ಕುಂಚ ಎತ್ತುವ ಮೊದಲು ಅದರ ಜಾತಕ ಬಿಚ್ಚಿಡಬೇಕು. ದೇಶದೇಶದ ನಾವಿಕರನ್ನು ಕಾಡಿ ಬೇಡಿ ಮೂವತ್ತು ವರ್ಷ ಬರೆದಿಟ್ಟ ನೋಟ್‌ಬುಕ್ಕು ಅವನದು.

ಅಳಿಯ ಹೊಸ ಬೋಟು ಇಳಿಸಿದಾಗ 'ಅಗಸ್ತ್ಯ' ಎಂಬ ಹೆಸರು ಆರಿಸಿದ್ದೂ ಈ ಮಾವನೇ. ದಕ್ಷಿಣದಲ್ಲಿ ಹೊಳೆಯುವ ಆ ಚುಕ್ಕಿ ಸಂಸ್ಕೃತದಲ್ಲಿ ಕಡಲನ್ನೇ ಕುಡಿದ ಋಷಿ, ಅರಬರಿಗೆ ಸುಹೈಲ್, ಚೀನೀಯರಿಗೆ ದೀರ್ಘಾಯುಷ್ಯದ ಮುದುಕ, ಗ್ರೀಕರಿಗೆ ಕನೋಪಸ್ ಎಂಬ ಚುಕ್ಕಾಣಿಗ. ಮಗಳಿಗೆ ಇಷ್ಟೆಲ್ಲ ಹೇಳಿದವನು, ಆ ಚುಕ್ಕಾಣಿಗ ಹಾವು ಕಚ್ಚಿ ಪರದೇಶದ ದಡದಲ್ಲೇ ಸತ್ತ ಎಂಬುದನ್ನು ಮಾತ್ರ ನುಂಗಿಕೊಂಡ. ಅಂಥ ಬಾಯಿಬಡುಕನಿಗೆ ಅವತ್ತೇ ಬಾಯಿ ಕಟ್ಟಬೇಕೆ!

ಅಳಿಯನ ಸಮೇತ ಬೋಟು ಕಡಲಿಗೆ ಹೋಗಿ ನಾಲ್ಕು ತಿಂಗಳಾಯಿತು, ಮರಳಲಿಲ್ಲ. ಹುಡುಕಿದವರು ಕೈಚೆಲ್ಲಿದರು. 'ಅಗಸ್ತ್ಯ' ಎಂದು ಅಕ್ಷರ ಕತ್ತರಿಸಿದ ತಗಡಿನ ಅಚ್ಚು ಅಂಗಡಿಯ ಮೊಳೆಯಲ್ಲೇ ತೂಗುತ್ತಿತ್ತು. ಆ ಬಂದರಿನಲ್ಲಿ ಒಂದು ಹೆಸರು ಒಂದೇ ಬೋಟಿಗೆ. ಬಾರದ ಬೋಟಿನ ಹೆಸರು ಬೇರೆಯವರಿಗೆ ಹೋಗಬೇಕಾದರೆ ಆ ಮನೆಯವರೇ 'ಕೊಡಿ' ಅನ್ನಬೇಕು. ಹಾಗೆ ಅಂದರೆ, ಹೋದವರು ಮರಳುವ ಆಸೆ ಬಿಟ್ಟಂತೆ.

ಒಂದು ಬೆಳಿಗ್ಗೆ ಹೊಸ ಬೋಟಿನವನೊಬ್ಬ ತಾಯಿಯ ಜೊತೆ ಬಂದು ಅದೇ ಹೆಸರು ಕೇಳಿದ. ಪೇಂಟರ ಗದರಿ ಕಳಿಸುವವನಿದ್ದ. ಆದರೆ ಒಳಗೆ ತಗಡು ಕತ್ತರಿಸುತ್ತಿದ್ದ ಮಗಳು ಕೇಳಿಸಿಕೊಂಡು ಅಪ್ಪನನ್ನು ಒಳಕ್ಕೆ ಕರೆದಳು.

"ಅಪ್ಪಾ, ಅವತ್ತು ನೀನು ಹೇಳ್ತಾ ಹೇಳ್ತಾ ಏನೋ ತಡೆದೆ. ಈಗ ಹೇಳಿಬಿಡು."

ಹೇಳಿದ. ಅವಳ ಕತ್ತರಿ ನಿಂತಿತು.

"ನಮ್ಮನೆಯವರಿಗೆ ಇದು ಗೊತ್ತಿತ್ತಾ?"

"ಹೇಳಿದ್ದೆ. ಬೋಟಲ್ಲಿ ಹಾವೆಲ್ಲಿಂದ ಬರುತ್ತೆ ಮಾವ ಅಂತ ನಕ್ಕ. ಅವಳಿಗೆ ಮಾತ್ರ ಹೇಳ್ಬೇಡಿ, ನಿದ್ದೆ ಮಾಡಲ್ಲ ಅಂದ."

ಅವಳು ತಗಡಿನ ಚೂರುಗಳನ್ನು ಒಂದೊಂದಾಗಿ ಒಟ್ಟುಮಾಡಿದಳು. ಆಮೇಲೆ ಅಂದಳು: "ಕೊಟ್ಬಿಡಪ್ಪ. ಇವರಿಗಾದ್ರೂ ಏನೂ ಮುಚ್ಚಿಡದೆ ಹೇಳಿ ಕೊಡು."

ಪೇಂಟರ ಹೊರಗೆ ಬಂದು ಋಷಿಯಿಂದ ಹಾವಿನವರೆಗೆ ಎಲ್ಲ ಹೇಳಿದ. ಬೋಟಿನವನ ತಾಯಿ ಮುಖ ಕಪ್ಪಗೆ ಮಾಡಿಕೊಂಡು, ಬೇರೆ ಹೆಸರು ನೋಡೋಣ ಎಂದು ಮಗನ ಮೊಣಕೈ ಹಿಡಿದು ಎಳೆದುಕೊಂಡೇ ಹೋದಳು.

ಅಚ್ಚು ಮೊಳೆಯಲ್ಲೇ ಉಳಿಯಿತು. ಯಾರೂ ಒಯ್ಯಲಿಲ್ಲ ಎಂದು ಹೇಳಲು ಅವನು ಒಳಗೆ ಹೋದ. ಮಗಳು ಕತ್ತರಿ ಕೆಳಗಿಟ್ಟು, ನಾಲ್ಕು ತಿಂಗಳಲ್ಲಿ ಮೊದಲ ಸಲ, ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಕೊಟ್ಬಿಡು ಅಂತ ಅವಳು ಆಗಲೇ ಅಂದಾಗಿತ್ತು.