ಹಳದಿ ಗೂಡಿಗೆ ಯಾವ ರೋಲು?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾಮನಗರದ ಓಣಿಯೊಂದರ ರೇಷ್ಮೆ ಬಿಚ್ಚುವ ಶೆಡ್ಡಿನಲ್ಲಿ ಅಂಬುಜಮ್ಮ ಎರಡು ಫಿಲ್ಮ್ ರೋಲುಗಳನ್ನು ಮುಂದಿಟ್ಟುಕೊಂಡು ಕೂತಿದ್ದಾರೆ. ಒಂದು ಕಲರ್, ಇನ್ನೊಂದು ಕಪ್ಪು ಬಿಳುಪು. ಮಡಿಲಲ್ಲಿ ತಂದೆ ಮುನಿಶಾಮಯ್ಯ ಬಿಟ್ಟುಹೋದ ಕ್ಯಾಮೆರಾ. ಮುಚ್ಚಳ ತೆರೆದರೆ ಕಪ್ಪು ಚರ್ಮದ ತಿದಿ ಮುಂದಕ್ಕೆ ಚಾಚಿಕೊಳ್ಳುವ ಹಳೇ ಕಾಲದ್ದು. ಎದುರಿಗೆ ಹಾಜಿರಾ ಬಿಸಿನೀರಿನ ಬಾಣಲೆಯಲ್ಲಿ ಗೂಡು ಆಡಿಸುತ್ತ ಎಳೆ ಎತ್ತಿಕೊಡುತ್ತಿದ್ದಾರೆ. ಸೊಸೆ ತಾಹೇರಾ ಚರಕ ತಿರುಗಿಸುತ್ತಿದ್ದಾಳೆ.

ಈ ಒಲೆಗೆ ಇವತ್ತೇ ಕೊನೆ. ನಾಳೆ ಇದನ್ನು ಕಿತ್ತು ಹಾಜಿರಾ ಅವರ ಮಗ ಹೊಸ ಮೆಷೀನು ಕೂರಿಸುತ್ತಾನೆ.

"ನನ್ ಫೋಟೊ ಇರೋವೆಲ್ಲ ಕುರ್ಚಿ ಮ್ಯಾಲೆ ಕೂತಿರೋವೇ. ನಾನು ಯಾವತ್ತು ಕುರ್ಚಿ ಮ್ಯಾಲೆ ಕೂತಿದ್ದೆ? ಕೆಲ್ಸ ಮಾಡೋದು ಒಂದು ಬೇಕು," ಎನ್ನುತ್ತಾರೆ ಹಾಜಿರಾ. "ಗೂಡು ಹಳದಿ ಕಾಣ್ಬೇಕು ಮತ್ತೆ. ನಮ್ದು ಹಳದಿ ಗೂಡು. ಬಿಳೀದು ಬಿಚ್ತಿದ್ಳು ಅಂತ ಮೊಮ್ಮಕ್ಕಳು ಅಂದ್ಕೋಬಾರ್ದು."

ಅಂಬುಜಮ್ಮನ ಪೇಚಾಟ ಅಲ್ಲೇ ಇದೆ. ಕಪ್ಪು ಬಿಳುಪಿನ ರೋಲು ಚುರುಕು. ಈ ಮಬ್ಬಿನಲ್ಲೂ ಆಡುವ ಕೈಯನ್ನು ಹಿಡಿದುಬಿಡುತ್ತದೆ, ಆದರೆ ಹಳದಿ ಹೋಗುತ್ತದೆ. ಕಲರ್ ರೋಲಿಗೆ ಹೆಚ್ಚು ಬೆಳಕು, ಹೆಚ್ಚು ಹೊತ್ತು ಬೇಕು. ಹಳದಿ ಉಳಿಯುತ್ತದೆ, ಕೈ ಮಸಕಾಗುತ್ತದೆ. ಒಂದಾದ ಮೇಲೊಂದು ಹಾಕೋಣವೆಂದರೆ ಅಷ್ಟು ಗೂಡಿಲ್ಲ, ಬುಟ್ಟಿಯ ತಳ ಆಗಲೇ ಕಾಣುತ್ತಿದೆ.

"ಕೈ ಒಸಿ ನಿಲ್ಸು ಹಾಜಿರಕ್ಕ."

"ಕೈ ನಿಂತ್ರೆ ಎಳೆ ಹರೀತದೆ ಕಣಮ್ಮ. ನಿನ್ ಪೆಟ್ಟಿಗೆಗೇ ಹೇಳು, ಒಸಿ ಬಿರ್ನೆ ನೋಡು ಅಂತ."

ಚರಕ ಬಿಡದೆಯೇ ತಾಹೇರಾ ನಗುತ್ತಾಳೆ.

ಅಂಬುಜಮ್ಮ ಕುದೂರಿನವರು. ಮುನಿಶಾಮಯ್ಯ ಮಾಗಡಿ, ಕನಕಪುರದ ಸಂತೆಗಳಲ್ಲಿ ಗೋಡೆಗೆ ಪರದೆ ಕಟ್ಟಿ ಫೋಟೊ ತೆಗೆಯುತ್ತಿದ್ದಾಗ, ಗಾಳಿಗೆ ಹಾರದಂತೆ ಪರದೆಯ ತುದಿ ಹಿಡಿದು ನಿಲ್ಲುತ್ತಿದ್ದದ್ದು ಇವರೇ. ಈಗ ಎಲ್ಲ ಅಂಗಡಿಯಲ್ಲೂ ಸಿಗುವುದು ಸಣ್ಣ ರೀಲು. ಈ ಕ್ಯಾಮೆರಾಕ್ಕೆ ಬೇಕಾದ ಅಗಲದ ರೋಲಿಗೆ ಬೆಂಗಳೂರಿಗೇ ಹೋಗಬೇಕು. ರೋಲಿಗೆ ಎಂಟೇ ಚಿತ್ರ. ಶಾಲೆಯ ಗುಂಪು ಫೋಟೊ, ನಾಮಕರಣ, ಹೊಸ ಬೋರ್‌ವೆಲ್ ಎಂದು ವಾರಕ್ಕೆ ಎರಡು ರೋಲು ಮುಗಿದರೆ ಒಳ್ಳೆಯ ವಾರ. ಕ್ಯಾಮೆರಾದ ಹಿಂದೆ ನಂಬರು ನೋಡುವ ಕೆಂಪು ಕಿಂಡಿಯಿದೆ. ಈಗಿನ ರೋಲುಗಳಿಗೆ ಅದರಿಂದಲೂ ಬೆಳಕು ತಾಗಿ ಕಲೆ ಬೀಳುತ್ತದೆಂದು, ಚನ್ನಪಟ್ಟಣದ ಗೊಂಬೆ ಕೆಲಸದ ನರಸಯ್ಯನವರಿಂದ ಅರಗು ಬಳಿದ ಮರದ ಬಿಲ್ಲೆ ಮಾಡಿಸಿ ಮುಚ್ಚಿದ್ದಾರೆ.

"ಅಪ್ಪ ಕ್ಯಾಮೆರಾ ಕೊಟ್ರು. ಯಾವ್ದಕ್ಕೆ ಯಾವ ರೋಲು ಅಂತ ಕೊನೇವರ್ಗೂ ಹೇಳ್ಲಿಲ್ಲ," ಎನ್ನುತ್ತಾರೆ. "ಕೇಳಿದ್ರೆ, ಯಾರ ಫೋಟೊನೋ ಅವರನ್ನ ಕೇಳು ಅನ್ನೋರು."

ಕೇಳಿಯಾಗಿದೆ. ಅಂಬುಜಮ್ಮ ಕಪ್ಪು ಬಿಳುಪಿನ ರೋಲನ್ನು ಚೀಲಕ್ಕೆ ಹಾಕುತ್ತಾರೆ. ಬಾಗಿಲನ್ನು ಪೂರ್ತಿ ತೆಗೆಸಿ, ಖಾಲಿ ಬುಟ್ಟಿಯೊಂದನ್ನು ಬೋರಲು ಹಾಕಿ, ಕಲರ್ ರೋಲು ತುಂಬಿದ ಕ್ಯಾಮೆರಾವನ್ನು ಅದರ ಮೇಲೆ ಅಲುಗದಂತೆ ಕೂರಿಸುತ್ತಾರೆ.

"ಕೈ ಆಡ್ಲಿ ಅಕ್ಕ, ಮುಖ ಮಾತ್ರ ಅಳ್ಳಾಡಿಸ್ಬೇಡ."

ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಕ್ಯಾಮೆರಾದ ಕಣ್ಣು ತೆರೆದಿದ್ದು ಮುಚ್ಚುತ್ತದೆ. ಎಂಟೂ ಚಿತ್ರ ಹಾಗೆಯೇ. ಬಸ್ಸಿನಲ್ಲಿ ಊರಿಗೆ ಮರಳುವಾಗಲೂ ಅವರಿಗೆ ಸಮಾಧಾನವಿಲ್ಲ. ತಪ್ಪಿದ್ದರೆ ಇನ್ನೊಮ್ಮೆ ತೆಗೆಯಲು ಆ ಒಲೆ ಇರುವುದಿಲ್ಲ.

ಮುಂದಿನ ವಾರ ಫೋಟೊ ಹಿಡಿದು ಹೋದಾಗ ಶೆಡ್ಡಿನಲ್ಲಿ ಮೆಷೀನು ಓಡುತ್ತಿದೆ. ಹಾಜಿರಾ ಫೋಟೊವನ್ನು ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ಮುಖ ನಿಚ್ಚಳವಾಗಿದೆ. ಬಾಣಲೆಯಲ್ಲಿ ಗೂಡುಗಳು ಹಳದಿಯಾಗಿವೆ. ಕೈಗಳಿರಬೇಕಾದ ಕಡೆ ಹಬೆಯಂಥದೇನೋ.

"ಅತ್ತೆ, ನಿಮ್ ಕೈ ಆವಿಯಾಗಿ ಹೋಗೈತೆ," ಎನ್ನುತ್ತಾಳೆ ತಾಹೇರಾ. ಅಂಬುಜಮ್ಮ ತಲೆ ತಗ್ಗಿಸುತ್ತಾರೆ.

ಹಾಜಿರಾ ಫೋಟೊದ ಮೇಲೆ ಉಗುರಿನ ತುದಿಯನ್ನು ಬಾಣಲೆಯಿಂದ ಮೇಲಕ್ಕೆ ಚರಕದವರೆಗೆ ನಿಧಾನವಾಗಿ ಒಯ್ಯುತ್ತಾರೆ. ಬಾಗಿಲ ಬೆಳಕು ಬಿದ್ದ ಕಡೆ, ಓಡುತ್ತಲೇ ಇದ್ದರೂ ದಾರಿ ತಪ್ಪದ ಎಳೆ ಸಣ್ಣ ಗೆರೆಯಾಗಿ ಮೂಡಿದೆ.

"ಕೈ ಹೋದ್ರೆ ಹೋಗ್ಲಿ ಬಿಡು," ಎನ್ನುತ್ತಾರೆ. "ಎಳೆ ಹರಿದಿಲ್ಲ ನೋಡು."

ಅಂಬುಜಮ್ಮ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. "ನಾನು ಬರೀ ಕೈ ನೋಡ್ಕೊಂಡು ಒಂದ್ ವಾರ ನಿದ್ದೆ ಕೆಡಿಸ್ಕೊಂಡೆ," ಎನ್ನುತ್ತಾರೆ. "ಎಳೆ ಬಂದೈತೆ ಅಂತ ನಂಗೂ ಗೊತ್ತಿರ್ಲಿಲ್ಲ."