ಶ್ರೀಯೋ, ದಿವಂಗತವೋ?

“ಹುಡುಗಿ ತಂದಿ ಹೆಸರಿನ ಮುಂದ ಶ್ರೀ ಹಾಕ್ಲೇನ್ರೀ, ದಿವಂಗತ ಹಾಕ್ಲೇನ್ರೀ ಅಕ್ಕಾರ?” ಎಂದು ಕೇಳಿದೆ. ಮಗಳ ಮದುವೆ ಕಾರ್ಡಿಗಾಗಿ ಕಮಲಾಪುರದಿಂದ ಬಂದಿದ್ದ ಆಕೆ ಹೇಳಿದರು:

“ಗೊತ್ತಿಲ್ರೀ ಅಣ್ಣಾರ. ಅವ್ರು ಮನಿ ಬಿಟ್ಟು ಹೋಗಿ ಹನ್ನೊಂದು ವರ್ಷ ಆತು.”

ತೊಂಬತ್ತರ ದಶಕದಲ್ಲಿ ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿದ್ದ ನನ್ನ ಅಂಗಡಿಯಲ್ಲಿ ಗಣೇಶನ ಚಿತ್ರದ ಕಾರ್ಡುಗಳು ಕಟ್ಟುಗಟ್ಟಲೆ ಸಿದ್ಧವಿರುತ್ತಿದ್ದವು. ಹೆಸರುಗಳನ್ನಷ್ಟೇ ಆರ್ಡರ್ ಬಂದ ಮೇಲೆ ಅಚ್ಚು ಹಾಕುತ್ತಿದ್ದೆ. ಆ ದಿನ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕೈ ನಿಂತುಬಿಟ್ಟಿತು. ಕೊನೆಗೆ ಶ್ರೀ, ದಿವಂಗತ ಯಾವುದನ್ನೂ ಹಾಕದೆ ತಂದೆಯ ಬರಿಯ ಹೆಸರನ್ನೇ ಮುದ್ರಿಸಿದೆ. ಆಕೆ ಒಂದು ಕಾರ್ಡು ಹೆಚ್ಚಿಗೆ ಕೇಳಿದರು.

“ಇದು ಅವ್ರಿಗಿ. ಎಲ್ಲಿಗಿ ಕಳಸ್ಬೇಕೋ ತಿಳೀವಲ್ದು,” ಎಂದರು.

ನಾನು ಮಾಡಿದ್ದು ಸರಿಯೋ ತಪ್ಪೋ ಇಂದಿಗೂ ತಿಳಿದಿಲ್ಲ. ಆದರೆ ಅಂದಿನಿಂದ ಯಾವ ಗಿರಾಕಿಗೂ ಆ ಪ್ರಶ್ನೆ ಕೇಳಲಿಲ್ಲ.