ಚಂದ್ರಲೋಕದಲ್ಲಿ ಉಳಿದಾಕಿ

ಆ ಸಿನೆಮಾದ ಮೊದಲ ಭಾಗವನ್ನು ನಾನು ನೋಡಿದ್ದು ಮೂಡಲಗಿಯಲ್ಲಿ, ಸೋದರತ್ತೆಯ ಮನೆಗೆ ಹೋದಾಗ. ಸಂತೆ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಹಾಕಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಕೂರಲು ಮರಳು. ಕೊಲ್ಲಾಪುರದ ಸಣ್ಣದೊಂದು ಕಂಪನಿ ತೆಗೆದ ಮರಾಠಿ ಚಿತ್ರ ಅದು. ಒಬ್ಬ ವಿಜ್ಞಾನಿ, ಅವನ ಹೆಂಡತಿ, ಜೊತೆಗೊಬ್ಬ ದಪ್ಪ ಹೊಟ್ಟೆಯ ಹಾಸ್ಯದವ, ಮೂವರೂ ರಾಕೆಟ್ಟಿನಲ್ಲಿ ಕೂತು ಚಂದ್ರಲೋಕಕ್ಕೆ ಹೋಗುತ್ತಾರೆ. ತಿರುಗಿ ಬರುವಾಗ ಯಂತ್ರ ಕೈಕೊಡುತ್ತದೆ. ಭಾರ ಹೆಚ್ಚಾಯಿತು, ಒಬ್ಬರು ಇಳಿಯಲೇಬೇಕು ಅನ್ನುತ್ತಾನೆ ವಿಜ್ಞಾನಿ. ಇಳಿಯುವವಳು ಯಾರು? ಹೆಂಡತಿ. ಆಕೆ ಬಂಡೆಯ ಮೇಲೆ ನಿಂತು ಕೈ ಬೀಸುತ್ತಾಳೆ. ಗಂಡ ಕಿಟಕಿಯಿಂದ ಮುಖ ಹೊರಹಾಕಿ, ಕರೆದೊಯ್ಯಲು ಬಂದೇ ಬರುತ್ತೇನೆ ಎಂದು ಅಳುತ್ತಾನೆ. ಆಮೇಲೆ ಪರದೆಯ ಮೇಲೆ ಅಕ್ಷರ ಮೂಡಿದವು. ಓದು ಬಂದವನೊಬ್ಬ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದ: ಉಳಿದದ್ದು ಎರಡನೆಯ ಭಾಗದಲ್ಲಿ.

ಡೇರೆಯೊಳಗೆ ಗದ್ದಲವೋ ಗದ್ದಲ. ನನ್ನ ಅತ್ತೆ ಎದ್ದು ನಿಂತು, ಸಿನೆಮಾದವರು ಅಲ್ಲೇ ಎಲ್ಲೋ ಕೂತಿದ್ದಾರೆ ಅನ್ನುವ ಹಾಗೆ ಕೂಗಿದಳು. "ಆ ಹೊಟ್ಟೀಯವನ್ನ ಇಳಸಾಕ ಏನ್ ಧಾಡಿ ಆಗಿತ್ತು? ಆಕಿನ ಎರಡರಷ್ಟ ಅದಾನ ಅಂವಾ!"

ನಾನು ನಕ್ಕೆ. ಆಗ ನನಗೆ ಹೊಸದಾಗಿ ಮದುವೆಯಾಗಿತ್ತು, ನಗು ಸುಲಭವಾಗಿ ಬರುತ್ತಿತ್ತು. ಕೊಟ್ಟ ಮನೆ ಹುಕ್ಕೇರಿಯಲ್ಲಿ. ಗಂಡ ಮುಂಬಯಿಯಲ್ಲಿ ಕೆಲಸ ಹಿಡಿದು, ಖೋಲಿ ಸಿಕ್ಕ ಕೂಡಲೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋಗಿದ್ದ. ಮೊದಮೊದಲು ಪತ್ರ ಬರುತ್ತಿದ್ದವು. ಆಮೇಲೆ ನಿಂತವು. ಆಮೇಲೆ, ಅವನು ಅಲ್ಲಿ ಬೇರೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ ಎಂಬ ಸುದ್ದಿ ಬಂತು. ಗಂಡನ ಮನೆಯವರು ನಾಲ್ಕು ದಿನ ತವರಿಗೆ ಹೋಗಿ ಬಾ ಎಂದು ಬಸ್ಸು ಹತ್ತಿಸಿದರು. ಆ ನಾಲ್ಕು ದಿನ ಮುಗಿಯಲೇ ಇಲ್ಲ.

ನನ್ನ ತವರು ಗೋಕಾಕ. ನಾವು ಕಟ್ಟಿಗೆಯ ಗೊಂಬೆ ಮಾಡುವವರು. ಮಾವು, ಪೇರಲ, ಬಾಳೆಹಣ್ಣು, ಗಿಳಿ, ಗೌಡ, ಗೌಡತಿ. ಅಪ್ಪ ಹಗುರ ಕಟ್ಟಿಗೆಯನ್ನು ಕೆತ್ತುತ್ತಿದ್ದ. ಅದಕ್ಕೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಟ್ಟಿಗೆಪುಡಿ ಮೆತ್ತಿ, ಒಣಗಿಸಿ, ಬಿಳಿ ಬಳಿದು, ಮೇಲೆ ಬಣ್ಣ ಹಚ್ಚುವುದು ನನ್ನ ಕೆಲಸ. ಎಲ್ಲಕ್ಕಿಂತ ಕೊನೆಗೆ ಕಣ್ಣು. ನಮ್ಮ ಮನೆತನದಲ್ಲಿ ಅದಕ್ಕೊಂದು ಕಟ್ಟುನಿಟ್ಟಿತ್ತು. ಕಣ್ಣು ಬರೆಯುವ ತನಕ ಗೊಂಬೆ ಬರೀ ಕಟ್ಟಿಗೆ, ಕೆಟ್ಟರೆ ಒಲೆಗೆ ಹಾಕಬಹುದು. ಕಣ್ಣು ತೆರೆದ ಮೇಲೆ ಅದಕ್ಕೆ ಬೆಂಕಿ ತಾಗಿಸುವಂತಿಲ್ಲ. ಮುಕ್ಕಾದರೆ ಹೊಳೆಗೆ ಬಿಡಬೇಕು, ಅದೂ ಕೈಮುಗಿದು.

ಅಂಗಳದಲ್ಲಿ ಕೂತು ಬಣ್ಣ ಹಚ್ಚುತ್ತಿದ್ದರೆ ದಾರಿಯಲ್ಲಿ ಹೋಗುವವರು ನಿಂತು ಮಾತಾಡಿಸುತ್ತಿದ್ದರು. ಕೇಳುವುದು ಎರಡೇ ಮಾತು. ಒಂದು, ಸಿನೆಮಾದ ಎರಡನೆಯ ಭಾಗ ಯಾವಾಗ ಬರ್ತದಂತ? ಇನ್ನೊಂದು, ನಿನ್ನ ಗಂಡ ಕರ್ಯಾಕ ಯಾವಾಗ ಬರ್ತಾನಂತ? ಮೊದಲನೆಯದನ್ನು ಕೇಳಿದವರ ಜೊತೆ ಹರಟೆ ಹೊಡೆಯುತ್ತಿದ್ದೆ, ಎರಡನೆಯದನ್ನು ಕೇಳಿದವರಿಗೆ ಬೆನ್ನು ತಿರುಗಿಸುತ್ತಿದ್ದೆ. ಸೊಕ್ಕು ಅಂದರು. ಅನ್ನಲಿ.

ವರುಷಗಳು ಹೋದವು. ಕಂಪನಿ ಮುಳುಗಿದೆ ಅಂತ ಕೆಲವರು, ನಾಯಕಿ ಸತ್ತೇಹೋದಳು ಅಂತ ಕೆಲವರು ಹೇಳುತ್ತಿದ್ದರು. ಅಷ್ಟರಲ್ಲಿ ರಷ್ಯಾದವರು ಒಂದು ನಾಯಿಯನ್ನು ಆಕಾಶಕ್ಕೆ ಕಳಿಸಿದರು. ಚಹಾದಂಗಡಿಗಳಲ್ಲಿ ಅದೇ ಮಾತು. ಆ ನಾಯಿ ವಾಪಸು ಬರಲಿಲ್ಲ ಎಂದು ಕೇಳಿದಾಗ ನನಗೆ ಸಿಟ್ಟು ಬಂತು. ಒಯ್ಯುವಾಗ ಇದ್ದ ಉಮೇದಿ ಕರೆತರುವಾಗ ಎಲ್ಲಿ ಹೋಗುತ್ತದೋ ಇವರಿಗೆ. ಆದರೆ ಆ ನಾಯಿಯ ದೆಸೆಯಿಂದಲೇ ಕೊಲ್ಲಾಪುರದ ಕಂಪನಿಗೆ ಮತ್ತೆ ಜೀವ ಬಂತು. ಈಗ ಚಂದ್ರಲೋಕದ ಸಿನೆಮಾ ಓಡುತ್ತದೆ ಎಂದು ಯಾರೋ ಬಂಡವಾಳ ಹಾಕಿದರಂತೆ.

ಒಂದು ಮಧ್ಯಾಹ್ನ ಸಿನೆಮಾದ ಡೈರೆಕ್ಟರೇ ನಮ್ಮ ಅಂಗಳಕ್ಕೆ ಬಂದ. ಬೂಟು, ಕಪ್ಪು ಕನ್ನಡಕ, ಬಾಯಿತುಂಬ ಎಲೆ. ತಾಯಿಯ ತವರು ನಮ್ಮ ಕಡೆಯ ಕಣಗಲಾ ಆದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಗೋಕಾಕ ಫಾಲ್ಸಿನ ಬಂಡೆಗಳು ಥೇಟ್ ಚಂದ್ರನ ಹಾಗೆ ಕಾಣುತ್ತವೆ, ಎರಡನೆಯ ಭಾಗದ ಶೂಟಿಂಗ್ ಅಲ್ಲೇ ಎಂದ. ನಮ್ಮಿಂದ ಅವನಿಗೆ ರಾಕೆಟ್ಟು ಬೇಕಿತ್ತು, ಚಂದ್ರಲೋಕದ ರಾಜಧಾನಿ ಬೇಕಿತ್ತು, ಮತ್ತೆ ನಾಯಕಿಯ ಒಂದು ಗೊಂಬೆ ಬೇಕಿತ್ತು. ಮೊದಲ ಭಾಗದ ನಟಿ ಮದುವೆಯಾಗಿ ಸಿನೆಮಾ ಬಿಟ್ಟಿದ್ದಳಂತೆ. ಅದಕ್ಕೇ ಆಕೆಯನ್ನು ದೂರದಿಂದ ಮಾತ್ರ, ಗೊಂಬೆಯಾಗಿ ತೋರಿಸುವುದು ಎಂದ. ಅಪ್ಪ ಹಿಗ್ಗಿ ಹೋದ. ಜನ ಇಷ್ಟು ವರ್ಷ ಕಾದ ಸಿನೆಮಾಕ್ಕೆ ನಮ್ಮ ಮನೆಯ ಕೈಗೆಲಸ! ಅಲ್ಲೇ ಮಾತು ಕೊಟ್ಟ.

ನಾನೂ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಆಕೆಯನ್ನು ಕರೆತರಲು ಕೊನೆಗೂ ಹೊರಟರಲ್ಲ ಎಂದುಕೊಂಡೆ. ರಾಜಧಾನಿಯ ಅರಮನೆಗಳನ್ನೆಲ್ಲ ನಾವು ಪೇರಲಹಣ್ಣಿನ ಆಕಾರದಲ್ಲೇ ಮಾಡಿದೆವು, ಅರ್ಧಕ್ಕೆ ಕೊಯ್ದು ಬೋರಲು ಹಾಕಿ ಬೆಳ್ಳಿ ಬಣ್ಣ ಬಳಿದೆವು ಅಷ್ಟೇ. ನಾಯಕಿಯ ಗೊಂಬೆಯನ್ನು ಮಾತ್ರ ನಾನು ಮನಸ್ಸಿಟ್ಟು ಮಾಡಿದೆ. ಮೊಣಕಾಲೆತ್ತರ, ಕಚ್ಚೆ ಹಾಕಿ ಉಟ್ಟ ಸೀರೆ. ಕೈ ಬರೀ ಮೊಂಡು ಇದ್ದರೆ ಸಾಕು, ದೂರದಿಂದ ಯಾರಿಗೆ ಕಾಣುತ್ತದೆ ಎಂದ ಅಪ್ಪ. ನಾನು ಕೇಳದೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಕಣ್ಣು ಬರೆಯಲು ಕೂತಾಗ ಅಪ್ಪ ಕೈ ಹಿಡಿದ.

"ಕಣ್ಣ ಬ್ಯಾಡವ. ಹಂಗ ಇರ್ಲಿ."

"ಯಾಕ?"

"ಸಾಹೇಬ್ರು ಬ್ಯಾಡ ಅಂದಾರ. ದೂರಿಂದ ಕಾಣಂಗಿಲ್ಲಂತ."

ಹೇಳುವಾಗ ಅಪ್ಪ ನನ್ನ ಮುಖ ನೋಡಲಿಲ್ಲ. ಕಟ್ಟಿಗೆಯ ಹಣ್ಣಿಗೆ ತೊಟ್ಟು ಇಲ್ಲದಿದ್ದರೆ ಅಂಗಳ ದಾಟಿಸದ ಮನುಷ್ಯ ಕುರುಡು ಗೊಂಬೆಯನ್ನು ಕಳಿಸಲು ಒಪ್ಪಿದ್ದು ನನಗೆ ಅರ್ಥವಾಗಲಿಲ್ಲ.

ಶೂಟಿಂಗಿಗೆ ನಾವಿಬ್ಬರೂ ಹೋದೆವು. ಬಣ್ಣ ಎಲ್ಲಾದರೂ ಎದ್ದರೆ ಅಲ್ಲೇ ತಿದ್ದಲು ನನ್ನ ಕುಂಚದ ಡಬ್ಬಿ ಜೊತೆಗಿತ್ತು. ಹೊಳೆ ಬತ್ತಿ ಬಂಡೆಗಳು ಕಾದ ಹಂಚಾಗಿದ್ದವು. ತಂತಿಗೆ ರಾಕೆಟ್ಟು ಜೋತುಬಿದ್ದಿತ್ತು. ಫಾಲ್ಸಿನ ಪಕ್ಕದ ನೂಲಿನ ಮಿಲ್ಲಿನ ಭೋಂಗಾ ಕೂಗಿ ಪಾಳಿ ಬಿಟ್ಟಿದ್ದರಿಂದ ಕೆಲಸದ ಹೆಂಗಸರು ಬುತ್ತಿಗಂಟು ಕಂಕುಳಲ್ಲಿಟ್ಟುಕೊಂಡು ದಂಡೆಯ ಮೇಲೆ ಸಾಲಾಗಿ ನಿಂತು ನೋಡುತ್ತಿದ್ದರು. ನನ್ನ ಗೊಂಬೆಯನ್ನು ಎತ್ತರದ ಬಂಡೆಯೊಂದರ ಮೇಲೆ ನಿಲ್ಲಿಸಿದ್ದರು. ಹತ್ತಿರ ಹೋಗಿ ನೋಡುತ್ತೇನೆ, ಕಂಪನಿಯ ಆಳೊಬ್ಬ ಅದರ ಕಾಲಿಗೆ ಸೀಮೆಎಣ್ಣೆಯ ಚಿಂದಿ ಸುತ್ತುತ್ತಿದ್ದಾನೆ.

ನೇರ ಡೈರೆಕ್ಟರನ ಹತ್ತಿರ ಹೋದೆ. "ಸಾಹೇಬ್ರ, ಆಕಿನ್ನ ಸುಡಾವ್ರ ಏನು?"

"ಹೂಂ ಬಾಯೀ. ಕಥಿ ಹಂಗ ಐತಿ. ಗಂಡ ಕರ್ಯಾಕ ಬರ್ತಾನ. ಅಷ್ಟರಾಗ ಆಕಾಶದಾಗಿಂದ ಬೆಂಕಿ ಬಿದ್ದು ಆಕಿ ಸುಟ್ಟು ಹೋಗ್ತಾಳ. ಅಂವಾ ಒಂದ್ ಹಾಡು ಹಾಡಿ ಅಳ್ತಾನ. ಆಮ್ಯಾಲೆ ಚಂದ್ರಲೋಕದ ರಾಜಕುಮಾರಿ ಕೂಡ ಲಗ್ನ."

"ಆ ನಟಿ ಬರದಿದ್ರ ಬ್ಯಾಡ ಬಿಡ್ರಿ. ಸಾಯಬೇಕಂತ ಏನೈತಿ? ಆಕಿ ಅಲ್ಲೇ ಇರ್ಲಿ."

ಅವನು ಎಲೆ ಉಗುಳಿ ನಕ್ಕ. "ಒಬ್ಬಾಕೀನ ಇದ್ದು ಏನ್ ಮಾಡ್ತಾಳ? ಗಂಡ ಮತ್ತೊಂದು ಮಾಡ್ಕೊಂಡ ಮ್ಯಾಲೆ ಆಕಿ ಇದ್ರ ಮಂದಿ ಒಪ್ಪಂಗಿಲ್ಲ ಬಾಯೀ. ಹೆಂಗಸಂದ್ರ ಒಂದ ಗಂಡನ ಮನಿ ಸೇರಬೇಕ, ಇಲ್ಲಂದ್ರ ಸಾಯಬೇಕ."

ಅವನಿಗೆ ನನ್ನ ವಿಷಯ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ, ಮಾರುಕಟ್ಟೆಯ ಮಾತು ಹೇಳುವ ಹಾಗೆ ಹೇಳಿದ. ಅಪ್ಪನಿಗೆ ಗೊತ್ತಿತ್ತು, ಅವನ ಮುಖ ಬಿಳಿಚಿತು. ನನಗೆ ಅಳು ಬರಬೇಕಿತ್ತೇನೋ, ಬರಲಿಲ್ಲ. ಮೈಯೆಲ್ಲ ಉರಿಯಿತು.

"ನನ್ನ ಗಂಡನೂ ಬಿಟ್ಟು ಮತ್ತೊಂದು ಮಾಡ್ಕೊಂಡಾನ್ರಿ," ಎಂದೆ. "ನಾ ಇಲ್ಲೇ ನಿಂತೇನಿ. ಕನ್ನಡಕ ತಗದು ನೋಡ್ರಿ. ಸತ್ತೇನೇನು?"

ಉತ್ತರಕ್ಕೆ ನಾನು ಕಾಯಲಿಲ್ಲ. ಆಗಲೇ ನನಗೆ ಅಪ್ಪನ ಲೆಕ್ಕಾಚಾರ ಹೊಳೆದದ್ದು. ಸುಡುತ್ತಾರೆಂದು ಅವನಿಗೆ ಮೊದಲೇ ಗೊತ್ತಿತ್ತು. ಕಣ್ಣಿಲ್ಲದ ಗೊಂಬೆ ಬರೀ ಕಟ್ಟಿಗೆ, ಸುಟ್ಟರೆ ದೋಷವಿಲ್ಲ. ಸಾಹೇಬನಿಗೆ ಕೊಟ್ಟ ಮಾತೂ ಉಳಿಯಿತು, ಮನೆತನದ ಕಟ್ಟಳೆಯೂ ಉಳಿಯಿತು. ಸೀರೆ ಎತ್ತಿ ಕಟ್ಟಿ ಆ ಬಂಡೆ ಹತ್ತಿದೆ. ಆಳನ್ನು ಸರಿಸಿ ಚಿಂದಿ ಕಿತ್ತೆಸೆದೆ, ಡಬ್ಬಿ ತೆರೆದು ಕಪ್ಪಿನಲ್ಲಿ ಕುಂಚ ಅದ್ದಿದೆ. "ಬ್ಯಾಡವಾ!" ಎಂದು ಅಪ್ಪ ಕೆಳಗಿಂದ ಕೂಗಿದ. ಬಲಗಣ್ಣು ಬರೆದೆ, ಎಡಗಣ್ಣು ಬರೆದೆ. ಆಕೆ ಫಾಲ್ಸಿನ ಕಡೆ ನೋಡತೊಡಗಿದಳು.

ದಂಡೆಯ ಮೇಲಿದ್ದ ಮಿಲ್ಲಿನ ಹೆಂಗಸರಿಗೆ ವಿಷಯ ತಲುಪಿತು. ಅವರೆಲ್ಲ ಮೊದಲ ಭಾಗ ನೋಡಿದವರೇ. "ಆಕಿನ್ನ ಸುಡ್ತಾರಂತ!" ಎಂದು ಒಬ್ಬಳು ಕೂಗಿದ್ದೇ ತಡ, ಸಾಲಿಗೆ ಸಾಲೇ ಕೂಗತೊಡಗಿತು. "ಇಷ್ಟ ವರ್ಷ ಕಾದದ್ದು ಸುಡೂದ ನೋಡಾಕ ಏನ್ರಿ?" "ಸುಟ್ಟರ ನಿಮ್ಮ ಡೇರೇದಾಗ ಕಾಲ ಇಡಂಗಿಲ್ಲ!"

ಡೈರೆಕ್ಟರ್ ಅಪ್ಪನ ಮೇಲೆ ಹರಿಹಾಯ್ದ. ಮಾತು ಕೊಟ್ಟವನು ನೀನು, ಮಗಳನ್ನು ಕೆಳಗಿಳಿಸು ಎಂದ. ಅಪ್ಪ ನಿಧಾನಕ್ಕೆ ಬಂಡೆ ಹತ್ತಿ ಬಂದ. ಹೊಡೆಯುತ್ತಾನೆ ಎಂದುಕೊಂಡೆ. ಅವನು ಗೊಂಬೆಯ ಮುಖ ನೋಡಿದ, ತುಂಬ ಹೊತ್ತು ನೋಡಿದ. ಆಮೇಲೆ ಕೆಳಗೆ ತಿರುಗಿ ಕೈಮುಗಿದ.

"ಕಣ್ಣ ತೆರದಾಳ್ರಿ ಸಾಹೇಬ್ರ. ಇನ್ನ ಆಗಂಗಿಲ್ಲ. ಆಕಿನ್ನ ಇಲ್ಲೇ ನಿಲ್ಲಸು ಅಂದ್ರ ನಿಲ್ಲಸ್ತೇನಿ. ಸುಡಾಕ ಕೊಡೂದಿಲ್ಲ."

ಹೊತ್ತು ಇಳಿಯುತ್ತಿತ್ತು, ಕ್ಯಾಮೆರಾ ಮರುದಿನ ಕೊಲ್ಲಾಪುರಕ್ಕೆ ವಾಪಸು ಹೋಗಬೇಕಿತ್ತು, ದಂಡೆಯ ಹೆಂಗಸರು ಕದಲುವ ಹಾಗೆ ಕಾಣಲಿಲ್ಲ. ಡೈರೆಕ್ಟರ್ ನಮಗೆ ಮರಾಠಿಯಲ್ಲೂ ಕನ್ನಡದಲ್ಲೂ ಬೈದ. ಬೈದು ಮುಗಿಸಿ ಕ್ಯಾಮೆರಾ ತಿರುಗಿಸಲು ಹೇಳಿದ. ರಾಕೆಟ್ಟು ತಂತಿಯ ಮೇಲೆ ಜಗ್ಗುತ್ತ ಬಂತು, ಬಂಡೆಯ ಸುತ್ತ ಸುಳಿಯಿತು, ಹೋಯಿತು. ಆಕೆ ನಿಂತೇ ಇದ್ದಳು. ಮೂರನೆಯ ಭಾಗದಲ್ಲಿ ನೋಡಿಕೊಳ್ಳೋಣ ಎಂದು ಗೊಣಗಿ ಸಾಮಾನು ಕಟ್ಟಿಸಿದ. ಗೊಂಬೆಯನ್ನು ಅಪ್ಪ ಹೆಗಲ ಮೇಲೆ ಹೊತ್ತು ಮನೆಗೆ ತಂದ. ಮನೆ ಹತ್ತಿರ ಬಂದಾಗ, "ಬೆರಳು ಚಂದ ಬಂದಾವು," ಎಂದ ಅಷ್ಟೇ.

ಆ ವರ್ಷದ ಮಳೆಗಾಲದಲ್ಲಿ ಹುಕ್ಕೇರಿಯಿಂದ ಭಾವ, ನನ್ನ ಗಂಡನ ಅಣ್ಣ, ಬಂದರು. ನನ್ನ ತಮ್ಮ ಮುಂಬಯಿಯ ಸಂಸಾರ ಮುರಿದು ಊರಿಗೆ ಬಂದಿದ್ದಾನೆ, ಅವನ ಊಟಕ್ಕೆ ತ್ರಾಸಾಗುತ್ತಿದೆ, ನಿನ್ನನ್ನು ಕರೆಯಲು ಬಂದಿದ್ದೇನೆ ಎಂದರು. ಊಟಕ್ಕೆ ತ್ರಾಸು, ಅದಕ್ಕೆ ನಾನು. ಅಪ್ಪ ನನ್ನ ಕಡೆ ನೋಡಿದ. ನಾನು ಒಂದು ಗಿಳಿಗೆ ರೆಕ್ಕೆ ಬರೆಯುತ್ತಿದ್ದೆ. "ಒಲ್ಲೆ," ಎಂದೆ. ಚಹಾ ಕುಡಿಸಿ ಕಳಿಸಿದೆವು. ಓಣಿಯವರು ತಿಂಗಳುಗಟ್ಟಲೆ ಬಾಯಿಗೆ ಬಂದದ್ದು ಆಡಿಕೊಂಡರು. ಆಡಿಕೊಳ್ಳಲಿ, ನನ್ನ ಗಿಳಿ ಮಾರಾಟವೇನೂ ನಿಲ್ಲಲಿಲ್ಲ.

ಎರಡನೆಯ ಭಾಗ ಮೂಡಲಗಿಗೆ ಬಂದಾಗ ಅತ್ತೆ ನನ್ನನ್ನು ಕರೆಸಿಕೊಂಡಳು. ಅದೇ ಬಯಲು, ಅದೇ ಮರಳು. ಮಸಗುಪ್ಪಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದ ಹೆಂಗಸರು ನಮ್ಮ ಮುಂದೆ ಕೂತಿದ್ದರು. ನಮ್ಮ ಪೇರಲಹಣ್ಣುಗಳು ಅರಮನೆಗಳಾಗಿ ಹೊಳೆದವು, ರಾಜಕುಮಾರಿಯ ಜೊತೆ ವಿಜ್ಞಾನಿಯ ಲಗ್ನವೂ ಆಯಿತು. ಕೊನೆಗೆ ರಾಕೆಟ್ಟು ಬಂಡೆಯ ಮೇಲಿಂದ ಹಾರಿಹೋಯಿತು, ಬೆರಳುದ್ದದ ಆಕೆ ಅಲ್ಲೇ ನಿಂತಿದ್ದಳು. ಮುಖ ಕಾಣಲಿಲ್ಲ. ಕಣ್ಣು ತೆರೆದಿವೆ ಎಂದು ಆ ಡೇರೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.

"ಮತ್ತ ಬಿಟ್ಟು ಹ್ವಾದ್ನಲ್ಲ ಹಲ್ಕಟ್!" ಎಂದು ಅತ್ತೆ ಎದ್ದು ನಿಂತಳು. ದೀಪ ಹತ್ತಿತು. ಮುಂದೆ ಕೂತಿದ್ದ ಮಸಗುಪ್ಪಿಯ ಮುದುಕಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದಳು.

"ಯವ್ವಾ, ಆಕಿ ಒಬ್ಬಾಕೀನ ಅಲ್ಲಿ ಏನ್ ಮಾಡ್ತಾಳ?"

"ಕೈ ಅದಾವಲ್ಲಬೇ," ಎಂದೆ. "ಏನರೆ ಮಾಡ್ತಾಳ."